ಹುಟ್ಟಿದ 21 ದಿನದೊಳಗೆ: ತಾಯಿಯಿಂದ ಕೂಸಿಗೆ ಬರುವ ಸಿಎಂವಿ ಸೋಂಕು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿ. ಉಪನ್ಯಾಸ ಆರೋಗ್ಯಕ್ಕೆ ಸಂಬಂಧಿಸಿರಬೇಕು, ಕನ್ನಡದಲ್ಲಿರಬೇಕು, ಕೇಳಿದ ಹೆಂಗಸರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುವಷ್ಟು ಸಲೀಸಾಗಿರಬೇಕು ಎಂದು ಅವರು ಬರೆದಿಟ್ಟಿದ್ದಾರೆ. ಬಸಿರು, ಬಾಣಂತನ, ಮಗುವಿನ ಆರೈಕೆಯನ್ನು ಕನ್ನಡದಲ್ಲಿ ಹೀಗೆ ಹೇಳುವ ದಾರಿಯನ್ನು ಡಾ. ಅನುಪಮಾ ನಿರಂಜನ ತಮ್ಮ ‘ತಾಯಿ-ಮಗು’ ಪುಸ್ತಕದಲ್ಲಿ ಬಹಳ ಹಿಂದೆಯೇ ಹಾಕಿಕೊಟ್ಟಿದ್ದಾರೆ. ಅದೇ ದಾರಿಯಲ್ಲಿ ನಡೆಯಲು ಪ್ರಯತ್ನಿಸುತ್ತೇನೆ.

ಆ ಶಿಕ್ಷಕಿಯಂಥವರ ತರಗತಿಯಲ್ಲಿ ಕುಳಿತ ಎಷ್ಟೋ ಮಕ್ಕಳಿಗೆ ಕಿವಿ ಹೋದದ್ದು ಯಾಕೆ ಎಂದು ಹೆತ್ತವರಿಗೂ ಗೊತ್ತಿರುವುದಿಲ್ಲ, ನೋಡಿದ ವೈದ್ಯರಿಗೂ ಗೊತ್ತಿರುವುದಿಲ್ಲ. ಸೋದರಮಾವನ ಮಗಳನ್ನು ತಂದದ್ದಕ್ಕೆ ಹೀಗಾಯ್ತು ಎಂದು ಒಬ್ಬರು, ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು ಎಂದು ಇನ್ನೊಬ್ಬರು. ರಕ್ತಸಂಬಂಧದ ಮದುವೆಯಿಂದ ಹುಟ್ಟುಕಿವುಡು ಬರುವುದು ನಿಜ, ನಮ್ಮ ಕಡೆ ಅದು ಹೆಚ್ಚೇ. ಆದರೆ ವಂಶದಿಂದ ಬಾರದ ಕಿವುಡುತನವನ್ನು ತೆಗೆದುಕೊಂಡರೆ, ಮಕ್ಕಳಲ್ಲಿ ಅದಕ್ಕೆ ಮುಖ್ಯ ಕಾರಣ ಒಂದು ವೈರಸ್. ಹೆಸರು ಸೈಟೊಮೆಗಾಲೊ ವೈರಸ್. ಆಸ್ಪತ್ರೆಯಲ್ಲಿ ನಾವು ಸಿಎಂವಿ ಅನ್ನುತ್ತೇವೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ತಗುಲುವ ಸೋಂಕುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವುದು ಇದು.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತಾಯಿಯ ರಕ್ತವನ್ನು ಮತ್ತೆ ಮತ್ತೆ ಪರೀಕ್ಷೆಗೆ ಕಳಿಸುತ್ತೇವೆ, ಅದರಿಂದ ತಿಳಿಯುವುದು ಬಲು ಕಡಿಮೆ. ಮಗುವಿನ ಜೊಲ್ಲು ಅಥವಾ ಮೂತ್ರವನ್ನು ಹುಟ್ಟಿದ 21 ದಿನದೊಳಗೆ ಒಂದು ಸಲ ನೋಡಿದರೆ ಸಾಕಿತ್ತು, ಅದನ್ನು ನೋಡುವುದಿಲ್ಲ. ಈ ತಲೆಕೆಳಗಾದ ಪದ್ಧತಿ ಯಾಕೆ ಬಂತು, ಅದರಿಂದ ಮಕ್ಕಳಿಗೆ ಏನು ತಪ್ಪಿಹೋಗುತ್ತಿದೆ ಎಂಬುದೇ ಇವತ್ತಿನ ಮಾತು.

ಸರ್ಪಸುತ್ತು, ಸೀತಾಳೆ ಸಿಡುಬು ತರುವ ಹರ್ಪಿಸ್ ಕುಟುಂಬಕ್ಕೆ ಸೇರಿದ ವೈರಸ್ ಇದು. ಆ ಕುಟುಂಬದ ಎಲ್ಲ ವೈರಸ್‌ಗಳಿಗೂ ಒಂದು ಗುಣ: ಒಮ್ಮೆ ಮೈ ಹೊಕ್ಕರೆ ಜೀವ ಇರುವವರೆಗೂ ಹೋಗುವುದಿಲ್ಲ. ಸಿಎಂವಿ ಮೂಳೆಮಜ್ಜೆಯಲ್ಲಿ ರಕ್ತಕಣಗಳು ತಯಾರಾಗುವ ಕೋಶಗಳಲ್ಲಿ ಅಡಗಿ ಕೂರುತ್ತದೆ. ಆಗಾಗ ಎದ್ದು ಜೊಲ್ಲಿನಲ್ಲಿ, ಮೂತ್ರದಲ್ಲಿ, ಎದೆಹಾಲಿನಲ್ಲಿ ಹೊರಬರುತ್ತದೆ. ಆರೋಗ್ಯವಂತರಿಗೆ ಮೊದಲ ಸಲ ತಗುಲಿದಾಗ ನಾಲ್ಕು ದಿನ ಜ್ವರ, ಮೈಕೈ ನೋವು, ಸುಸ್ತು ಇದ್ದೀತು. ಬಹಳ ಮಂದಿಗೆ ಅದೂ ಇಲ್ಲ. ತನಗೆ ಸಿಎಂವಿ ಬಂದಿತ್ತು ಎಂದು ನೆನಪಿಟ್ಟುಕೊಂಡವರು ಯಾರೂ ಸಿಗುವುದಿಲ್ಲ, ಯಾಕೆಂದರೆ ಅದು ಬಂದದ್ದೇ ಯಾರಿಗೂ ತಿಳಿದಿರುವುದಿಲ್ಲ.

ಇದರ ಮೊದಲ ಸುಳಿವು ಸಿಕ್ಕದ್ದು ಸತ್ತು ಹುಟ್ಟಿದ ಕೂಸಿನಲ್ಲಿ. 1881ರಲ್ಲಿ ಜರ್ಮನಿಯ ಹ್ಯೂಗೊ ರಿಬರ್ಟ್ ಎಂಬ ವೈದ್ಯ ಅಂಥದೊಂದು ಕೂಸಿನ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಸುತ್ತಲಿನ ಕೋಶಗಳಿಗಿಂತ ಬಹಳ ದೊಡ್ಡದಾಗಿ ಊದಿಕೊಂಡ ಕೋಶಗಳು ಅವರಿಗೆ ಕಂಡವು. ಅವು ಏನೆಂದು ಅವರಿಗೆ ಅರ್ಥವಾಗಲಿಲ್ಲ, ಪ್ರಕಟಿಸಲು 1904ರವರೆಗೆ ಕಾದರು. ಊದಿದ ಕೋಶದ ನಡುವೆ ಕಪ್ಪು ಗುಂಡು, ಅದರ ಸುತ್ತ ತಿಳಿಯಾದ ಬಳೆ. ರೋಗಶಾಸ್ತ್ರದ ಪುಸ್ತಕಗಳಲ್ಲಿ ಇವತ್ತಿಗೂ ಇದಕ್ಕೆ ಗೂಬೆಗಣ್ಣು ಎಂದೇ ಹೆಸರು. ಅದು ಯಾವುದೋ ಪರಾವಲಂಬಿ ಜೀವಿ ಎಂದು ಕೆಲವರು ಬಹುಕಾಲ ನಂಬಿದ್ದರು. 1956–57ರಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳಲ್ಲಿ ಮಾರ್ಗರೆಟ್ ಸ್ಮಿತ್, ವಾಲೇಸ್ ರೋ ಮತ್ತು ಥಾಮಸ್ ವೆಲ್ಲರ್ ಬೇರೆ ಬೇರೆಯಾಗಿಯೇ ವೈರಸ್ಸನ್ನು ಬೇರ್ಪಡಿಸಿದರು. ಪೋಲಿಯೊ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದಕ್ಕೆ 1954ರ ನೊಬೆಲ್ ಹಂಚಿಕೊಂಡ ವೆಲ್ಲರ್ ಅವರೇ ಮುಂದೆ ಇದಕ್ಕೆ ಈಗಿನ ಹೆಸರನ್ನು ಇಟ್ಟರು.

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಅಮೆರಿಕ, ಪಶ್ಚಿಮ ಯುರೋಪುಗಳಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರ ಈ ವೈರಸ್ ಮೊದಲೇ ತಗುಲಿರುತ್ತದೆ. ನಮ್ಮಲ್ಲಿ ಹಾಗಲ್ಲ. ಎದೆಹಾಲಿನ ಮೂಲಕ, ಅಣ್ಣತಮ್ಮ ಅಕ್ಕತಂಗಿಯರ ಜೊಲ್ಲಿನ ಮೂಲಕ ಬಾಲ್ಯದಲ್ಲೇ ಬಂದುಬಿಡುತ್ತದೆ. ಮದುವೆಯ ವಯಸ್ಸಿಗೆ ಬರುವಾಗ ನೂರರಲ್ಲಿ 90ಕ್ಕೂ ಹೆಚ್ಚು ಹೆಣ್ಣುಮಕ್ಕಳ ರಕ್ತದಲ್ಲಿ ಅದರ ಪ್ರತಿಕಾಯ ಇರುತ್ತದೆ. ಬಸಿರಾಗುವ ಮೊದಲೇ ಸೋಂಕು ಬಂದು ಹೋಗಿದ್ದರೆ ಕೂಸಿಗೆ ರಕ್ಷಣೆ ಇದೆ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಹಾಗಿದ್ದ ಮೇಲೆ ಭಾರತದಲ್ಲಿ ಸಿಎಂವಿಯ ಚಿಂತೆ ಯಾಕೆ? ಇದು ಬಿಳಿಯರ ದೇಶದ ಕಾಯಿಲೆ ಎಂದುಕೊಂಡು ನಮ್ಮ ತಲೆಮಾರು ಪುಟ ಮಗುಚಿಬಿಟ್ಟಿತು.

ಆ ಪಾಠದಲ್ಲಿ ಅರ್ಧ ನಿಜವಿತ್ತು. ಬಸಿರಿನಲ್ಲಿ ಮೊತ್ತಮೊದಲ ಬಾರಿಗೆ ಸೋಂಕು ತಗುಲಿದರೆ ಮೂವರಲ್ಲಿ ಒಬ್ಬರ ಕೂಸಿಗಾದರೂ ಅದು ದಾಟುತ್ತದೆ. ಮೊದಲೇ ಸೋಂಕು ಬಂದುಹೋದ ತಾಯಿಯಿಂದ ದಾಟುವುದು ನೂರರಲ್ಲಿ ಒಂದು ಕೂಸಿಗೆ. ಒಬ್ಬ ತಾಯಿಯ ಲೆಕ್ಕದಲ್ಲಿ ಇದು ದೊಡ್ಡ ನೆಮ್ಮದಿ. ಒಂದು ರಾಜ್ಯದ ಲೆಕ್ಕದಲ್ಲಿ ಹಾಗಲ್ಲ. ಎಲ್ಲ ತಾಯಂದಿರೂ ಆ ಗುಂಪಿಗೇ ಸೇರಿದವರಾದರೆ ಆ ನೂರಕ್ಕೊಂದು ಎಲ್ಲ ಊರುಗಳಲ್ಲೂ, ಎಲ್ಲ ಹೆರಿಗೆ ವಾರ್ಡುಗಳಲ್ಲೂ ನಡೆಯುತ್ತದೆ. ಅಡಗಿದ್ದ ವೈರಸ್ ಬಸಿರಿನಲ್ಲಿ ಮತ್ತೆ ಏಳಬಹುದು. ಅದೇ ವೈರಸ್ಸಿನ ಬೇರೊಂದು ತಳಿ ಹೊಸದಾಗಿ ತಗುಲಲೂಬಹುದು. ಹೀಗೆ ಎರಡನೇ ತಳಿ ತಗುಲಿದ ತಾಯಂದಿರಿಂದ ಕೂಸಿಗೆ ಸೋಂಕು ದಾಟುವುದನ್ನು ಅಮೆರಿಕದ ಅಲಬಾಮಾದಲ್ಲಿ ನಡೆದ ಅಧ್ಯಯನ 2001ರಲ್ಲಿ ತೋರಿಸಿತು. ಬ್ರೆಜಿಲ್‌ನ ರಿಬೆರಾವ್ ಪ್ರೆಟೊ ನಗರದಲ್ಲಿ ಬಹುತೇಕ ಎಲ್ಲ ತಾಯಂದಿರಿಗೂ ಸೋಂಕು ಮೊದಲೇ ಬಂದಿತ್ತು, ಆದರೂ ಅಲ್ಲಿ ಹುಟ್ಟಿದ ಕೂಸುಗಳಲ್ಲಿ ಶೇ. 1ರಷ್ಟಕ್ಕೆ ಸಿಎಂವಿ ಇತ್ತು. ನಮ್ಮಲ್ಲೇ, ಹರಿಯಾಣದ ಅರೆ-ಪಟ್ಟಣ ಪ್ರದೇಶವೊಂದರಲ್ಲಿ ದೆಹಲಿಯ ಏಮ್ಸ್ ತಜ್ಞರು ನೋಡಿ 2008ರಲ್ಲಿ ಪ್ರಕಟಿಸಿದಾಗ ಸಿಕ್ಕ ಪ್ರಮಾಣ ಶೇ. 2ರ ಸುಮಾರು. ಪ್ರತಿಕಾಯ ಇಲ್ಲದವರೇ ಹೆಚ್ಚಿರುವ ಶ್ರೀಮಂತ ದೇಶಗಳಲ್ಲಿ ಇದು 200ಕ್ಕೆ ಒಂದು.

ಕರ್ನಾಟಕದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಹೆರಿಗೆ ಆಗುತ್ತವೆ. ಶೇ. 1 ಎಂದು ಹಿಡಿದರೂ 10 ಸಾವಿರ ಕೂಸುಗಳು. ಗಾಬರಿಯಾಗಬೇಡಿ, ಇವರಲ್ಲಿ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ, ಎಲ್ಲರಂತೆ ಬೆಳೆಯುತ್ತಾರೆ. ಉಳಿದವರ ಮಾತು ಆಡಬೇಕಾಗಿದೆ. ತಾಯಿಗೆ ಮೊದಲ ಸೋಂಕೋ ಹಳೆಯ ಸೋಂಕೋ, ವೈರಸ್ ಕೂಸಿಗೆ ಒಮ್ಮೆ ದಾಟಿದ ಮೇಲೆ ಕಿವಿಗೆ ಪೆಟ್ಟಾಗುವ ಸಂಭವದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಎರಡೂ ಕಡೆ ಹತ್ತರಲ್ಲಿ ಒಂದರ ಆಸುಪಾಸು.

ತಾಯಿಯ ರಕ್ತ ಪರೀಕ್ಷೆಯ ಬಗ್ಗೆ ಸ್ವಲ್ಪ ಬೇಸರದಿಂದಲೇ ಮಾತಾಡುತ್ತೇನೆ. ಟಾರ್ಚ್ ಟೆಸ್ಟ್ ಎಂಬುದು ನಿಮಗೆ ಗೊತ್ತು. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ, ಹರ್ಪಿಸ್ ಇವುಗಳ ಮೊದಲ ಅಕ್ಷರಗಳನ್ನೂ ‘ಇತರ’ ಸೋಂಕುಗಳ ಒಂದು ಅಕ್ಷರವನ್ನೂ ಜೋಡಿಸಿ 1971ರಲ್ಲಿ ಅಮೆರಿಕದ ಆಂಡ್ರೆ ನಹ್ಮಿಯಾಸ್ ಕಟ್ಟಿದ ಹೆಸರು. ಹುಟ್ಟಿದ ಕೂಸಿನಲ್ಲಿ ಒಂದೇ ಥರ ಕಾಣುವ ಸೋಂಕುಗಳನ್ನು ವೈದ್ಯರು ಮರೆಯದಿರಲಿ ಎಂದು ಬಂದದ್ದು. ಅದು ನಮ್ಮ ಊರುಗಳಲ್ಲಿ ಗರ್ಭ ನಿಲ್ಲದ ಹೆಂಗಸರ ಪರೀಕ್ಷೆಯಾಗಿಬಿಟ್ಟಿದೆ.

ಎರಡು ತಿಂಗಳಿಗೇ ಗರ್ಭ ಇಳಿದುಹೋದ ಹುಡುಗಿ ಬರುತ್ತಾಳೆ. ಮಡಚಿ ಮಡಚಿ ಅಂಚು ಹರಿದ ರಿಪೋರ್ಟು ಕೈಯಲ್ಲಿ. ಒಂದು ಕಡೆ ಪರೀಕ್ಷೆಯ ಹೆಸರು, ನಡುವೆ ಸಂಖ್ಯೆ, ಪಕ್ಕದಲ್ಲಿ ಇಷ್ಟಿರಬೇಕೆಂಬ ಮಿತಿ. ಸಿಎಂವಿ ಐಜಿಜಿ ಎಂಬ ಸಾಲಿನ ಸಂಖ್ಯೆ ದಪ್ಪಕ್ಷರದಲ್ಲಿ, ಅದರ ಮುಂದೆ ಪಾಸಿಟಿವ್. ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ. ಹುಡುಗಿ ಮಾತಾಡುವುದಿಲ್ಲ. ಅತ್ತೆ ಕೇಳುತ್ತಾರೆ, “ಡಾಕ್ಟ್ರೇ, ಇವಳ ರಕ್ತದಲ್ಲೇ ಸೋಂಕಿದೆಯಂತಲ್ಲ?” ನಾನು ಹೇಳುವುದು ಒಂದೇ: “ಅಮ್ಮಾ, ನಿಮ್ಮ ರಕ್ತ ತೆಗೆದರೂ ಹೀಗೇ ಬರುತ್ತೆ. ನನ್ನದು ತೆಗೆದರೂ ಹೀಗೇ ಬರುತ್ತೆ. ಇದು ಚಿಕ್ಕಂದಿನಲ್ಲಿ ಬಂದು ಹೋದದ್ದರ ಗುರುತು, ಅಷ್ಟೇ. ಗರ್ಭ ಇಳಿದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.” ಐಜಿಜಿ ಪಾಸಿಟಿವ್ ಆದದ್ದಕ್ಕೆ ಔಷಧಿ ನುಂಗಿಸಿದ್ದನ್ನು, ತಿಂಗಳು ತಿಂಗಳೂ ಪರೀಕ್ಷೆ ಮರುಮಾಡಿಸಿದ್ದನ್ನು, ಸೊಸೆಯನ್ನು ತವರಿಗೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಕೂಲಿ ಮಾಡುವವರ ಮನೆಯಲ್ಲಿ ವಾರದ ದುಡಿಮೆ ಇದಕ್ಕೆ ಹೋಗುತ್ತದೆ.

ಐಜಿಎಂ ಎಂಬ ಇನ್ನೊಂದು ಸಾಲು ಇರುತ್ತದೆ, ಅದು ಹೊಸ ಸೋಂಕನ್ನು ತೋರಿಸಬೇಕು. ಆದರೆ ಐಜಿಎಂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಬೇರೆ ಸೋಂಕಿದ್ದಾಗ ಸುಳ್ಳು ಪಾಸಿಟಿವ್ ಬರುವುದೂ ಉಂಟು. ಐಜಿಎಂ ಪಾಸಿಟಿವ್ ಬಂದರೆ ಮುಂದೆ ನೋಡಬೇಕಾದದ್ದು ಐಜಿಜಿ ಅವಿಡಿಟಿ, ಅಂದರೆ ಪ್ರತಿಕಾಯ ವೈರಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಪರೀಕ್ಷೆ. ಹಿಡಿತ ಬಿಗಿಯಿದ್ದರೆ ಸೋಂಕು ಹಳೆಯದು, ಸಡಿಲವಿದ್ದರೆ ಕಳೆದ ಮೂರು ನಾಲ್ಕು ತಿಂಗಳೊಳಗಿನದು. ಸ್ಕ್ಯಾನ್‌ನಲ್ಲಿ ಕೂಸಿನ ಮಿದುಳಿನಲ್ಲಿ ಸುಣ್ಣದ ಚುಕ್ಕೆಗಳೋ ಕುಂಠಿತ ಬೆಳವಣಿಗೆಯೋ ಕಂಡಾಗ, ಇಲ್ಲವೆ ಬಸಿರಿನ ಆರಂಭದಲ್ಲಿ ಕಾರಣ ತಿಳಿಯದ ಜ್ವರ ಬಹುದಿನ ಕಾಡಿದಾಗ ಇಷ್ಟೆಲ್ಲ ಮಾಡಿಸುವುದಕ್ಕೆ ಅರ್ಥವಿದೆ. ನಿಜಕ್ಕೂ ಮೊದಲ ಸೋಂಕು ಬಸಿರಿನ ಮೊದಲ ತಿಂಗಳುಗಳಲ್ಲಿ ಬಂದದ್ದು ಖಚಿತವಾದರೆ ಈಗ ಒಂದು ದಾರಿಯೂ ಇದೆ. ಇಸ್ರೇಲಿನ ವೈದ್ಯರು ಅಂಥ ಗರ್ಭಿಣಿಯರಿಗೆ ದಿನಕ್ಕೆ 8 ಗ್ರಾಂ ವಾಲಾಸೈಕ್ಲೊವಿರ್ ಕೊಟ್ಟು 2020ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕೂಸಿಗೆ ಸೋಂಕು ದಾಟುವುದು ಶೇ. 30ರಿಂದ 11ಕ್ಕೆ ಇಳಿಯಿತು. ಅದು ತಜ್ಞರ ಉಸ್ತುವಾರಿಯಲ್ಲಿ, ಮೂತ್ರಪಿಂಡದ ಮೇಲೆ ಕಣ್ಣಿಟ್ಟು ಕೊಡುವ ಔಷಧಿ. ಟಾರ್ಚ್ ರಿಪೋರ್ಟು ನೋಡಿ ಅಂಗಡಿಯಿಂದ ತರುವಂಥದ್ದಲ್ಲ.

ಕೂಸಿನ ಒಳಗೆ ಏನು ನಡೆಯುತ್ತದೆ? ತಾಯಿಯ ರಕ್ತದಿಂದ ವೈರಸ್ ಮೊದಲು ಮಾಸಿನ ಕೋಶಗಳನ್ನು ಹೊಗುತ್ತದೆ, ಅಲ್ಲಿ ಬೆಳೆದು ಕೂಸಿನ ರಕ್ತಕ್ಕೆ ಇಳಿಯುತ್ತದೆ. ದಿನ ತುಂಬುತ್ತಾ ಹೋದಂತೆ ದಾಟುವ ಸಂಭವ ಹೆಚ್ಚುತ್ತದೆ, ಹಾನಿ ಮಾತ್ರ ಕಡಿಮೆಯಾಗುತ್ತದೆ. ಕಿವಿ, ಮಿದುಳುಗಳಿಗೆ ಆಗುವ ದೊಡ್ಡ ಪೆಟ್ಟು ಹೆಚ್ಚಾಗಿ ಮೊದಲ ಮೂರು ತಿಂಗಳ ಸೋಂಕಿನದು. ಆಗ ಮಿದುಳಿನ ನಡುವಿನ ಕುಹರಗಳ ಅಂಚಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತಿರುತ್ತವೆ, ವೈರಸ್ ನೇರ ಅಲ್ಲಿಗೇ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ಸುಣ್ಣದ ಚುಕ್ಕೆಗಳು ಕುಹರಗಳ ಅಂಚಿನಲ್ಲೇ ಸಾಲಾಗಿ ಇರುವುದು ಅದಕ್ಕೇ. ಏಳನೇ ತಿಂಗಳ ಸೀಮಂತದ ಹೊತ್ತಿಗೆ ಎಲ್ಲರೂ ಬಸುರಿಯನ್ನು ಕೂರಿಸಿಕೊಂಡು ಹಾಗಿರು ಹೀಗಿರು ಎಂದು ಬುದ್ಧಿ ಹೇಳುತ್ತೇವಲ್ಲ, ಅಷ್ಟರಲ್ಲಿ ಸಿಎಂವಿಯ ಮಟ್ಟಿಗೆ ಹೆಚ್ಚು ಅಪಾಯದ ಕಾಲ ಕಳೆದೇ ಹೋಗಿರುತ್ತದೆ.

ಸೋಂಕು ಹೊತ್ತು ಹುಟ್ಟಿದ ಹತ್ತು ಕೂಸುಗಳಲ್ಲಿ ಒಂದಕ್ಕೆ ಮಾತ್ರ ಹುಟ್ಟುವಾಗಲೇ ಲಕ್ಷಣಗಳಿರುತ್ತವೆ. ತೂಕ ಕಡಿಮೆ, ತಲೆಯ ಸುತ್ತಳತೆ ಚಿಕ್ಕದು, ಕಾಮಾಲೆ ಬೇಗ ಇಳಿಯುವುದಿಲ್ಲ, ಲಿವರ್ ಮತ್ತು ಗುಲ್ಮ ಊದಿ ಹೊಟ್ಟೆ ಮುಟ್ಟಿದರೆ ಕೈಗೆ ಸಿಗುತ್ತವೆ. ಪ್ಲೇಟ್‌ಲೆಟ್ ಕುಸಿದು ಚರ್ಮದ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಏಳುತ್ತವೆ, ಬೆರಳಿನಲ್ಲಿ ಒತ್ತಿದರೂ ಬಣ್ಣ ಮಾಸುವುದಿಲ್ಲ. ಕಣ್ಣಿನ ಹಿಂಪರದೆಯಲ್ಲಿ ಉರಿಯೂತ, ಫಿಟ್ಸ್ ಕೂಡ ಬರಬಹುದು. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕಿವುಡುತನ, ಬುದ್ಧಿ ಬೆಳವಣಿಗೆಯ ಕೊರತೆ, ಕೈಕಾಲು ಬಿಗಿತಗಳಲ್ಲಿ ಒಂದಾದರೂ ಉಳಿಯುತ್ತದೆ.

ಉಳಿದ ಒಂಬತ್ತು ಕೂಸುಗಳು ನೋಡುವುದಕ್ಕೆ ಮುದ್ದುಮುದ್ದಾಗಿ, ಆರೋಗ್ಯವಾಗಿ ಹುಟ್ಟುತ್ತವೆ. ಮೂರನೇ ದಿನ ಮನೆಗೆ ಹೋಗುತ್ತವೆ. ಇವುಗಳಲ್ಲೂ ನೂರಕ್ಕೆ 10ರಿಂದ 15ಕ್ಕೆ ಮುಂದೆ ತೊಂದರೆ ಕಾಣುತ್ತದೆ, ಹೆಚ್ಚಿನದು ಕಿವಿಯದು. ನನಗೆ ಹೆಚ್ಚು ಸಂಕಟ ಕೊಡುವುದು ಈ ಮಕ್ಕಳು. ಒಳಕಿವಿಯ ಬಸವನಹುಳುವಿನಂಥ ಸುರುಳಿಯ ಒಂದು ಗೋಡೆಯಲ್ಲಿ ರಕ್ತನಾಳಗಳ ದಟ್ಟ ಪಟ್ಟಿಯೊಂದಿದೆ. ಸುರುಳಿಯೊಳಗಿನ ದ್ರವದ ಪೊಟ್ಯಾಸಿಯಂ ಮಟ್ಟವನ್ನು ಕಾಯುವುದು ಅದರ ಕೆಲಸ, ಆ ಮಟ್ಟ ಸರಿಯಿದ್ದರೆ ಮಾತ್ರ ಶಬ್ದ ಹಿಡಿಯುವ ರೋಮಕೋಶಗಳು ಕೆಲಸ ಮಾಡುತ್ತವೆ. ವೈರಸ್ ಆ ಪಟ್ಟಿಯನ್ನು ಹಾಳುಮಾಡುತ್ತದೆ. ಪಟ್ಟಿ ಒಂದೇ ದಿನಕ್ಕೆ ಕೆಡುವುದಿಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ಆದ್ದರಿಂದ ಹುಟ್ಟಿದಾಗ ಓಎಇ ಎಂಬ ಶ್ರವಣ ಪರೀಕ್ಷೆಯಲ್ಲಿ ಪಾಸಾದ ಮಗು ಎರಡನೇ ವರ್ಷಕ್ಕೋ ನಾಲ್ಕನೇ ವರ್ಷಕ್ಕೋ ಕಿವಿ ಕಳೆದುಕೊಳ್ಳುತ್ತದೆ. ಸಿಎಂವಿಯಿಂದ ಬರುವ ಕಿವುಡಿನಲ್ಲಿ ಹತ್ತಿರ ಹತ್ತಿರ ಅರ್ಧ, ಹುಟ್ಟಿದಾಗಿನ ಶ್ರವಣ ತಪಾಸಣೆಯಲ್ಲಿ ಸಿಗುವುದೇ ಇಲ್ಲ. ಸಮತೋಲದ ಅಂಗವೂ ಪಕ್ಕದಲ್ಲೇ ಇರುವುದರಿಂದ ಕುತ್ತಿಗೆ ನಿಲ್ಲುವುದು, ನಡೆಯುವುದು ತಡವಾಗುವುದೂ ಉಂಟು.

ಮಗು ಎರಡೂವರೆ ವರ್ಷಕ್ಕೂ ಮಾತಾಡದಿದ್ದಾಗ ಕರೆತರುತ್ತಾರೆ. ಅಜ್ಜಿ ಮುಂದೆ ಬಂದು, “ಗಂಡು ಹುಡುಗರು ಮಾತು ಕಲಿಯೋದು ನಿಧಾನ, ಇವರಪ್ಪನೂ ಹಾಗೇ ಇದ್ದ” ಎನ್ನುತ್ತಾರೆ. ತಾಯಿ ಬ್ಯಾಗಿನಿಂದ ಹೆರಿಗೆ ಆಸ್ಪತ್ರೆಯ ಚೀಟಿ ತೆಗೆದು ತೋರಿಸುತ್ತಾಳೆ: ಎರಡೂ ಕಿವಿ ಪಾಸ್. ಬೆರಾ ಎಂಬ ಶ್ರವಣ ಪರೀಕ್ಷೆ ಮಾಡಿಸಿದರೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ ಹೋಗಿದೆ. ಯಾಕೆ ಹೋಯಿತು ಎಂದು ಅವಳು ಕೇಳುತ್ತಾಳೆ. ಈಗ ಮೂತ್ರ ಕಳಿಸಿ ಸಿಎಂವಿ ಸಿಕ್ಕರೂ ನಾನು ಉತ್ತರ ಕೊಡಲಾರೆ. ಆ ವಯಸ್ಸಿಗೆ ನಮ್ಮ ಬಹಳಷ್ಟು ಮಕ್ಕಳ ಮೂತ್ರದಲ್ಲಿ ಅದು ಇದ್ದೇ ಇರುತ್ತದೆ, ಎದೆಹಾಲಿನಿಂದ ಬಂದದ್ದೋ ಹೊಟ್ಟೆಯಲ್ಲೇ ಬಂದದ್ದೋ ಬೇರ್ಪಡಿಸಲಾಗುವುದಿಲ್ಲ.

ಆ 21 ದಿನಗಳ ಲೆಕ್ಕ ಇಲ್ಲಿ ಬರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಅಥವಾ ಎದೆಹಾಲಿನಿಂದ ತಗುಲಿದ ವೈರಸ್ ಕೂಸಿನ ಮೂತ್ರದಲ್ಲಿ ಕಾಣಿಸಿಕೊಳ್ಳಲು ಮೂರು ವಾರಕ್ಕಿಂತ ಹೆಚ್ಚು ಬೇಕು. ಅಷ್ಟರೊಳಗೆ ಕಂಡಿತೆಂದರೆ ಅದು ಹೊಟ್ಟೆಯಲ್ಲೇ ಬಂದದ್ದು. ಇಪ್ಪತ್ತೆರಡನೇ ದಿನದಿಂದ ಆ ಉತ್ತರ ಮಸುಕಾಗುತ್ತಾ ಹೋಗುತ್ತದೆ. ಪರೀಕ್ಷೆ ಕಷ್ಟದ್ದಲ್ಲ. ಹತ್ತಿ ಸುತ್ತಿದ ತೆಳು ಕಡ್ಡಿಯನ್ನು ಕೂಸಿನ ಕೆನ್ನೆಯ ಒಳಭಾಗಕ್ಕೂ ಒಸಡಿಗೂ ನಡುವೆ ಇಟ್ಟು ನಿಧಾನ ಹೊರಳಿಸಬೇಕು, ಹತ್ತಿ ಒದ್ದೆಯಾಗುವವರೆಗೆ. ಕೂಸು ಅದನ್ನೇ ಮೊಲೆ ಎಂದುಕೊಂಡು ಚೀಪುತ್ತದೆ. ಹಾಲು ಕುಡಿಸಿ ಒಂದು ಗಂಟೆ ಕಳೆದ ಮೇಲೆ ತೆಗೆಯಬೇಕು, ಇಲ್ಲದಿದ್ದರೆ ತಾಯಿಯ ಹಾಲಿನಲ್ಲಿರುವ ವೈರಸ್ಸೇ ಕಡ್ಡಿಗೆ ಹತ್ತಿ ಸುಳ್ಳು ಪಾಸಿಟಿವ್ ಬರುತ್ತದೆ. ಹಾಗಾಗಿ ಜೊಲ್ಲಿನಲ್ಲಿ ಸಿಕ್ಕಿದ್ದನ್ನು ಮೂತ್ರದಲ್ಲಿ ಖಚಿತಪಡಿಸಿಕೊಳ್ಳುತ್ತೇವೆ. ಅಂಟಿಸುವ ಚೀಲ ಹಾಕಿಯೋ, ಲಂಗೋಟಿಯೊಳಗೆ ಹತ್ತಿಯುಂಡೆ ಇಟ್ಟು ಆಮೇಲೆ ಹಿಂಡಿಯೋ ಮೂತ್ರ ಹಿಡಿಯಬಹುದು. ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ಒಣಗಿಸಿದ ರಕ್ತದಲ್ಲೂ ಹುಡುಕುತ್ತಾರೆ, ಆದರೆ ಅದರಲ್ಲಿ ಕೆಲವು ಮಕ್ಕಳು ತಪ್ಪಿಹೋಗುತ್ತಾರೆ.

ಪತ್ತೆಯಾದರೆ ಏನು ಮಾಡುತ್ತೀರಿ ಎಂದು ಕೇಳಬಹುದು. ಲಕ್ಷಣಗಳಿರುವ ಕೂಸಿಗೆ ವಾಲ್‌ಗ್ಯಾನ್‌ಸೈಕ್ಲೊವಿರ್ ಎಂಬ ದ್ರವ ಔಷಧಿಯನ್ನು ತೂಕದ ಪ್ರತಿ ಕಿಲೋಗೆ 16 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಆರು ತಿಂಗಳು ಕೊಡುತ್ತೇವೆ. ಡೇವಿಡ್ ಕಿಂಬರ್ಲಿನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ವಾರ ಕೊಟ್ಟವರಿಗಿಂತ ಆರು ತಿಂಗಳು ಕೊಟ್ಟವರ ಶ್ರವಣ ಮತ್ತು ಭಾಷೆ ಎರಡನೇ ವರ್ಷಕ್ಕೆ ಸ್ವಲ್ಪ ಮೇಲಿತ್ತು. ಸ್ವಲ್ಪ ಎಂದೇ ಹೇಳಬೇಕು. ಹೋದ ಕಿವಿಯನ್ನು ಈ ಔಷಧಿ ಮರಳಿ ತರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೆರವಾಗುತ್ತದೆ. ಮೊದಲ ತಿಂಗಳೊಳಗೆ ಶುರುಮಾಡಬೇಕು. ಐವರಲ್ಲಿ ಒಬ್ಬರಿಗೆ ಬಿಳಿರಕ್ತಕಣ ಇಳಿಯುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಯಾವ ಲಕ್ಷಣವೂ ಇಲ್ಲದ, ಕಿವಿಯೂ ಸರಿಯಿರುವ ಕೂಸಿಗೆ ಈ ಔಷಧಿ ಬೇಕಿಲ್ಲ. ಅದಕ್ಕೆ ಬೇಕಾದದ್ದು ಮತ್ತೆ ಮತ್ತೆ ಶ್ರವಣ ತಪಾಸಣೆ. ಕಿವಿ ಇಳಿಯಲು ಶುರುವಾದ ತಿಂಗಳಲ್ಲೇ ಶ್ರವಣ ಯಂತ್ರ ಹಾಕಿದರೆ, ಪೂರ್ತಿ ಹೋದರೆ ಕಾಲಕ್ಕೆ ಸರಿಯಾಗಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದರೆ ಆ ಮಗು ಕನ್ನಡ ಕೇಳುತ್ತದೆ, ಕನ್ನಡ ಮಾತಾಡುತ್ತದೆ, ಊರಿನ ಶಾಲೆಗೇ ಹೋಗುತ್ತದೆ. ನಮ್ಮ ಮಕ್ಕಳಿಗೆ ತಪ್ಪಿಹೋಗುತ್ತಿರುವುದು ಇದು.

ಲಸಿಕೆ ಇನ್ನೂ ಬಂದಿಲ್ಲ. ರುಬೆಲ್ಲಾದ ವಿಷಯದಲ್ಲಿ ನಾವು ಪುಣ್ಯವಂತರು: 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅದನ್ನು ಕೂಸಿನ ಕಣ್ಣಿನ ಪೊರೆಗೆ ಗಂಟುಹಾಕಿ ತೋರಿಸಿದರು, ಲಸಿಕೆಯೂ ಬಂತು, 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಿಎಂವಿಗೆ 1970ರ ದಶಕದಿಂದ ಪ್ರಯತ್ನ ನಡೆದಿದೆ. 2009ರಲ್ಲಿ ಫಲಿತಾಂಶ ಪ್ರಕಟವಾದ ಒಂದು ಲಸಿಕೆ ಅರ್ಧದಷ್ಟು ರಕ್ಷಣೆ ಕೊಟ್ಟಿತು, ಅಲ್ಲಿಗೇ ನಿಂತಿತು. ಎಂಆರ್‌ಎನ್‌ಎ ಲಸಿಕೆಯೊಂದರ ಮೇಲೆ ಬಹಳ ಭರವಸೆ ಇತ್ತು, ಅದರ ಕೊನೆಯ ಹಂತದ ಪರೀಕ್ಷೆ 2025ರಲ್ಲಿ ಕೈಕೊಟ್ಟಿತು.

ಹಾಗಾದರೆ ಗರ್ಭಿಣಿ ಏನು ಮಾಡಬೇಕು? ವೈರಸ್ ಗಾಳಿಯಲ್ಲಿ ಹಾರಿ ಬರುವಂಥದ್ದಲ್ಲ. ಅದು ಹೆಚ್ಚಾಗಿ ಬರುವುದು ಮನೆಯಲ್ಲಿರುವ ಒಂದರಿಂದ ಮೂರು ವರ್ಷದ ಮಗುವಿನ ಜೊಲ್ಲು ಮತ್ತು ಮೂತ್ರದಿಂದ. ಮೊದಲ ಮಗು ತಟ್ಟೆಯಲ್ಲಿ ಬಿಟ್ಟ ಅನ್ನ ಚೆಲ್ಲಲು ಮನಸ್ಸು ಬಾರದೆ ತಾಯಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಕೆಳಗೆ ಬಿದ್ದ ಚಮಚವನ್ನು ತಾನು ಚೀಪಿ ಮಗುವಿನ ಬಾಯಿಗೆ ಕೊಡುತ್ತಾಳೆ. ಅರ್ಧ ಕಚ್ಚಿದ ಬಿಸ್ಕತ್ತು ತಿನ್ನುತ್ತಾಳೆ. ಎರಡನೆಯದು ಹೊಟ್ಟೆಯಲ್ಲಿರುವಾಗ, ಅದರಲ್ಲೂ ಮೊದಲ ಮೂರು ನಾಲ್ಕು ತಿಂಗಳು ಇವನ್ನು ಬಿಟ್ಟರೆ ಒಳ್ಳೆಯದು. ಮುತ್ತು ಹಣೆಗೆ, ನೆತ್ತಿಗೆ ಕೊಡಿ, ತುಟಿಗೆ ಬೇಡ. ಮೂಗು ಒರೆಸಿದ ಮೇಲೆ, ಲಂಗೋಟಿ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಇಟಲಿಯಲ್ಲಿ ಇನ್ನೂ ಸೋಂಕು ತಗುಲದ ಗರ್ಭಿಣಿಯರಿಗೆ ಇಷ್ಟೇ ಹೇಳಿಕೊಟ್ಟು ನೋಡಿದರು. ಹೇಳಿಸಿಕೊಂಡವರಲ್ಲಿ ಶೇ. 1.2 ಮಂದಿಗೆ ಸೋಂಕು ಬಂತು, ಯಾರೂ ಹೇಳದಿದ್ದವರಲ್ಲಿ ಶೇ. 7.6 ಮಂದಿಗೆ. ನಮ್ಮ ಹೆಂಗಸರಿಗೆ ಹಳೆಯ ಸೋಂಕು ಇದ್ದರೂ ಹೊಸ ತಳಿ ಬರುವ ದಾರಿ ಅದೇ ಆದ್ದರಿಂದ ನಾನು ಎಲ್ಲರಿಗೂ ಹೇಳುತ್ತೇನೆ. ಇದನ್ನು ಹೇಳುವ ಜಾಗ ಅಂಗನವಾಡಿ. ಎರಡನೇ ಬಸಿರಿನ ಮೊದಲ ವಾರಗಳಲ್ಲಿ ತಾಯಿ ವೈದ್ಯರ ಬಳಿ ಬಂದಿರುವುದಿಲ್ಲ, ಮೊದಲ ಮಗುವಿಗೆ ಆಹಾರದ ಪೊಟ್ಟಣ ಒಯ್ಯಲು ಅಂಗನವಾಡಿ ಕಾರ್ಯಕರ್ತೆಯರಾದ ನಿಮ್ಮ ಬಳಿ ಬಂದೇ ಬರುತ್ತಾಳೆ. ಜೊತೆಗೆ ಎರಡು ಮಾತು ಮರೆಯಬೇಡಿ. ಎಷ್ಟು ಎಚ್ಚರ ವಹಿಸಿದರೂ ಸೋಂಕು ದಾಟಬಹುದು, ಆಗ ತಾಯಿಯನ್ನು ದೂರುವುದು ಅನ್ಯಾಯ. ಎದೆಹಾಲಿನಲ್ಲಿ ವೈರಸ್ ಇದೆ ಎಂದು ಹಾಲು ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ದಿನ ತುಂಬಿ ಹುಟ್ಟಿದ ಕೂಸಿಗೆ ಅದರಿಂದ ಏನೂ ಆಗುವುದಿಲ್ಲ. ಬಹಳ ಮುಂಚೆ ಹುಟ್ಟಿದ, ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳ ವಿಷಯದಲ್ಲಿ ಮಾತ್ರ ಹಸುಗೂಸುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ವೈದ್ಯರು ಗಮನ ಇಡುತ್ತಾರೆ.

ಅಮೆರಿಕದ ಯೂಟಾ ರಾಜ್ಯ 2013ರಲ್ಲೇ ಕಾನೂನು ಮಾಡಿತು: ಶ್ರವಣ ತಪಾಸಣೆಯಲ್ಲಿ ಫೇಲಾದ ಪ್ರತಿ ಕೂಸಿಗೂ ಸಿಎಂವಿ ಪರೀಕ್ಷೆ ಆಗಬೇಕು. ಕೆನಡಾದ ಒಂಟಾರಿಯೊ 2019ರಿಂದ, ಅಮೆರಿಕದ ಮಿನೆಸೋಟ 2023ರಿಂದ ಹುಟ್ಟಿದ ಎಲ್ಲ ಕೂಸುಗಳನ್ನೂ ನೋಡುತ್ತಿವೆ. ಟೊರಾಂಟೊದಲ್ಲಿ ಹೆತ್ತ ನಮ್ಮ ಕನ್ನಡದ ಹೆಣ್ಣುಮಗಳ ಕೂಸಿಗೆ ಕೇಳದೆಯೇ ಆಗುವ ಪರೀಕ್ಷೆ, ಅವಳ ತಂಗಿ ದಾವಣಗೆರೆಯಲ್ಲಿ ಹೆತ್ತರೆ ಕೇಳಿದರೂ ಸುಲಭಕ್ಕೆ ಆಗುವುದಿಲ್ಲ. ಎಲ್ಲರಿಗೂ ಮಾಡಿ ಎಂದು ನಾನು ಈಗಲೇ ಕೇಳುತ್ತಿಲ್ಲ. ಯೂಟಾದಷ್ಟು ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆರಿಗೆ ಆಸ್ಪತ್ರೆಗಳಲ್ಲಿ ಹಸುಗೂಸುಗಳ ಕಿವಿ ತಪಾಸಣೆಯನ್ನು ವರ್ಷಗಳಿಂದ ನಡೆಸುತ್ತಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡು ಇದೆ, ಜಿಲ್ಲೆಗಳಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೂ ಪಿಸಿಆರ್ ಯಂತ್ರ ಬಂತು. ಸಿಎಂವಿ ಹುಡುಕುವುದಕ್ಕೂ ಅದೇ ಬಗೆಯ ಯಂತ್ರ ಸಾಕು, ಬೇಕಾದದ್ದು ಕಿಟ್ ಮತ್ತು ಒಂದು ಆದೇಶ.

ಆ ಆದೇಶ ಬರುವವರೆಗೆ ಇಲ್ಲಿರುವ ದಾದಿಯರು, ಆಶಾ ಅಕ್ಕಂದಿರು ಇಷ್ಟು ನೆನಪಿಡಿ. ಕೂಸು ಕಿವಿ ಪರೀಕ್ಷೆಯಲ್ಲಿ ಫೇಲಾದರೆ ಮರುಪರೀಕ್ಷೆಗೆ ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿ ಸುಮ್ಮನಾಗಬೇಡಿ, ಆ ತಿಂಗಳಿನಲ್ಲೇ 21 ದಿನ ದಾಟಿಹೋಗುತ್ತದೆ. ತಲೆ ಚಿಕ್ಕದಿದ್ದರೆ, ಕೆಂಪು ಚುಕ್ಕೆ ಇದ್ದರೆ, ಕಾಮಾಲೆ ಎರಡು ವಾರಕ್ಕೂ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ಸಿಎಂವಿ ಎಂದು ಬಾಯಿಬಿಟ್ಟು ಹೇಳಿ. ಸೋಂಕು ಪತ್ತೆಯಾದ ಮಗುವಿಗೆ ಮೂರು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ಆರು ವರ್ಷ ತುಂಬುವವರೆಗೆ ವರ್ಷಕ್ಕೊಮ್ಮೆಯಾದರೂ ಕಿವಿ ಪರೀಕ್ಷೆ ಆಗಲಿ, ಹಿಂದಿನ ಸಲ ಪಾಸಾಗಿದ್ದರೂ ಸರಿ. ಮಾದರಿಯ ಡಬ್ಬಿಯ ಮೇಲೆ ಕೂಸು ಹುಟ್ಟಿದ ದಿನಾಂಕ, ಮಾದರಿ ತೆಗೆದ ದಿನಾಂಕ ಎರಡನ್ನೂ ಬರೆಯಿರಿ. ಒಂದು ದಿನಾಂಕ ಬಿಟ್ಟುಹೋದರೆ ಬಂದ ಫಲಿತಾಂಶದಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.